ಜೋತುಬಿದ್ದ ಕಾರಿನ ಬಾಗಿಲು: ಲಾಕ್ ಬಡಿಯುವ ಮುಂಚೆ ಹಿಂಜ್ ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ 1996ರ ಅಂಬಾಸಿಡರ್ ಇದೆ. ತಂದೆಯವರು ಕೊಂಡ ಕಾರು, ಮಾರುವ ಮನಸ್ಸಿಲ್ಲ. ಎಡಗಡೆಯ ಮುಂದಿನ ಬಾಗಿಲು ಜೋತುಬಿದ್ದಿದೆ. ಎತ್ತಿ ತಳ್ಳಿದರೆ ಮಾತ್ರ ಲಾಕ್ ಆಗುತ್ತದೆ. ತುದಿ ಹಿಡಿದು ಎತ್ತಿದರೆ ಟಕ್ ಅಂತ ಶಬ್ದ ಬಂದು ಸುಮಾರು 6 ಮಿ.ಮೀ. ಮೇಲೆ ಬರುತ್ತದೆ. ನಮ್ಮ ಅವ್ವ ಯಾವಾಗಲೂ ಆ ಸೀಟಿನಲ್ಲೇ ಕೂರುತ್ತಾರೆ. ಅವರಿಗೆ ಮೊಣಕಾಲು ನೋವು, ಬಾಗಿಲು ಹಿಡಿದೇ ಇಳಿಯುತ್ತಾರೆ. ಕೆಲಸದ ಮೇಲೆ ನಾನು ವಾರಕ್ಕೆ ಎರಡು ಸಲ ಕೊಪ್ಪಳದಿಂದ ಸಂಡೂರಿಗೆ ಹೋಗಿ ಬರುತ್ತೇನೆ. ಒಬ್ಬ ಮೆಕ್ಯಾನಿಕ್ ಲಾಕ್ ಕೆಳಗೆ ಇಳಿಸೋಣ ಅಂದರು. ಇನ್ನೊಬ್ಬರು ವಾಷರ್ ಹಾಕೋಣ ಅಂದರು. ಮತ್ತೊಬ್ಬರು ಹಿಂಜ್ ವೆಲ್ಡ್ ಮಾಡಿಬಿಡೋಣ ಅಂದರು. ಯಾರ ಮಾತು ಕೇಳಲಿ? ಫೋಟೋ ಕಳಿಸಿದ್ದೇನೆ.
ಕೊಪ್ಪಳದ ಓದುಗರು

ಉತ್ತರ: ಮೂವರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಅವರಲ್ಲಿ ಯಾರೂ ಬಾಗಿಲು ಎಲ್ಲಿ ಅಲ್ಲಾಡುತ್ತಿದೆ ಅಂತ ನೋಡಿದ ಹಾಗೆ ಕಾಣುವುದಿಲ್ಲ. ಜೋತುಬಿದ್ದ ಬಾಗಿಲಿನ ತೊಂದರೆ ನಮಗೆ ಕಾಣುವುದು ಲಾಕ್ ಹತ್ತಿರ. ಸವೆತ ಇರುವುದು ಅಲ್ಲಿಂದ ಒಂದು ಮೀಟರ್ ದೂರ, ಬಾಗಿಲು ತಿರುಗುವ ಕೀಲು ಅಂದರೆ ಹಿಂಜ್ ಹತ್ತಿರ. ಬಳ್ಳಾರಿಯಲ್ಲಿ 30 ವರ್ಷ ಬಾಡಿ ಕೆಲಸ ಮಾಡಿದ್ದೇನೆ. ಸವೆದು ಹಾಳಾದ ಬಾಗಿಲುಗಳಿಗಿಂತ, ತಪ್ಪು ಜಾಗದಲ್ಲಿ ಬಡಿಸಿಕೊಂಡು ಹಾಳಾದ ಬಾಗಿಲುಗಳನ್ನೇ ಜಾಸ್ತಿ ನೋಡಿದ್ದೇನೆ.

ಮೊದಲು ಬಾಗಿಲು ಹೇಗೆ ನಿಂತಿದೆ ಅನ್ನುವುದು ತಿಳಿಯಬೇಕು. ನಮ್ಮ ಕಡೆ ಹಳೆ ಮನೆಗಳ ಬಾಗಿಲು ನೋಡಿರುತ್ತೀರಿ. ಕದದ ಕೆಳಗೊಂದು, ಮೇಲೊಂದು ಗೂಟ. ಕೆಳಗಿನ ಗೂಟ ಹೊಸ್ತಿಲ ಕುಳಿಯಲ್ಲಿ ಕೂತು ತಿರುಗುತ್ತದೆ. ಹಂಪಿಯಲ್ಲಿ ಮಹಾನವಮಿ ದಿಬ್ಬದ ಹತ್ತಿರ ಕಲ್ಲಿನ ಬಾಗಿಲುಗಳನ್ನು ಇಟ್ಟಿದ್ದಾರಲ್ಲ, ಅವುಗಳಲ್ಲೂ ಅದೇ ಗೂಟ. ಅಂಥ ಬಾಗಿಲಿನ ಭಾರವೆಲ್ಲ ನೇರವಾಗಿ ನೆಲಕ್ಕೆ ಹೋಗುತ್ತದೆ. ಎಷ್ಟು ಭಾರವಿದ್ದರೂ ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ. ಕಾರಿನ ಬಾಗಿಲಿಗೆ ಕೆಳಗೆ ಆಧಾರವಿಲ್ಲ. ಕೋಲಿಗೆ ಕಟ್ಟಿದ ಬಾವುಟದ ಹಾಗೆ ಪಕ್ಕದಿಂದ ನೇತಾಡುತ್ತದೆ. ಹಾಗಾಗಿ ಮೇಲಿನ ಹಿಂಜ್ ಯಾವಾಗಲೂ ಹೊರಗೆ ಎಳೆಸಿಕೊಳ್ಳುತ್ತಿರುತ್ತದೆ. ಕೆಳಗಿನ ಹಿಂಜ್ ಒಳಕ್ಕೆ ಒತ್ತಿಸಿಕೊಳ್ಳುತ್ತಿರುತ್ತದೆ.

ಎಷ್ಟು ಎಳೆತ ಅಂತ ಲೆಕ್ಕ ಹಾಕೋಣ. ಗಾಜು, ಗಾಜು ಎತ್ತುವ ಮೆಷಿನ್, ಡೋರ್ ಪ್ಯಾಡ್ ಎಲ್ಲ ಸೇರಿ ಬಾಗಿಲು 25 ಕೆ.ಜಿ. ಅಂತಿಟ್ಟುಕೊಳ್ಳಿ. ಅದರ ಭಾರದ ನಡುಬಿಂದು ಹಿಂಜ್‌ನಿಂದ 50 ಸೆಂ.ಮೀ. ದೂರ. ಎರಡು ಹಿಂಜ್‌ಗಳ ನಡುವೆ 35 ಸೆಂ.ಮೀ. 25ನ್ನು 50ರಿಂದ ಗುಣಿಸಿ 35ರಿಂದ ಭಾಗಿಸಿದರೆ ಸುಮಾರು 36 ಬರುತ್ತದೆ. ಬಾಗಿಲು ಸುಮ್ನೆ ತೆರೆದು ನಿಂತಾಗಲೇ ಮೇಲಿನ ಹಿಂಜ್ ಮೇಲೆ 36 ಕೆ.ಜಿ.ಯಷ್ಟು ಎಳೆತ. ನಿಮ್ಮ ಅವ್ವ ಇಳಿಯುವಾಗ ಬಾಗಿಲ ತುದಿ ಹಿಡಿದು 20 ಕೆ.ಜಿ.ಯಷ್ಟು ಭಾರ ಹಾಕಿದರೂ ಅದಕ್ಕೆ ಇನ್ನೂ 57 ಕೆ.ಜಿ. ಸೇರುತ್ತದೆ. ಒಟ್ಟು 93. ಡ್ರೈವರ್ ಕಡೆಯ ಬಾಗಿಲು ದಿನಕ್ಕೆ ಹತ್ತಾರು ಸಲ ತೆರೆದರೂ ಗಟ್ಟಿಯಾಗಿದೆ, ಎಡಗಡೆಯದು ಜೋತುಬಿದ್ದಿದೆ ಅಂದರೆ ಕಾರಣ ಇದೇ ಇರಬೇಕು. ಅವ್ವನಿಗೆ ಏನೂ ಅನ್ನಬೇಡಿ. ಆ ಕಾರಿನ ಸೀಟಿನಿಂದ ಏಳಲು ಹಿಡಿಯುವುದಕ್ಕೆ ಬೇರೆ ಏನಿದೆ ಅವರಿಗೆ? ಅದಕ್ಕೊಂದು ದಾರಿ ಕೊನೆಯಲ್ಲಿ ಹೇಳುತ್ತೇನೆ.

ಇದೇ ಲೆಕ್ಕದ ಇನ್ನೊಂದು ಮುಖ ನೋಡಿ. ಹಿಂಜ್‌ನಲ್ಲಿ 1 ಮಿ.ಮೀ. ಸವೆದರೆ, ಒಂದು ಮೀಟರ್ ಆಚೆ ಲಾಕ್ ಹತ್ತಿರ ಬಾಗಿಲು ಸುಮಾರು 3 ಮಿ.ಮೀ. ಇಳಿಯುತ್ತದೆ. ನಿಮ್ಮದು 6 ಮಿ.ಮೀ. ಎದ್ದು ಬರುತ್ತಿದೆ. ಅಂದರೆ ಎರಡೂ ಹಿಂಜ್ ಸೇರಿ ಸುಮಾರು 2 ಮಿ.ಮೀ. ಸಡಿಲಾಟ, ನಮ್ಮ ಭಾಷೆಯಲ್ಲಿ ಪ್ಲೇ. ಸವೆದ ಪಿನ್ ಮತ್ತು ತೂತಿಗೆ ಇಷ್ಟು ಆಗಬಹುದಾದದ್ದೇ. ಲಾಕ್ ಹತ್ತಿರ 12, 15 ಮಿ.ಮೀ. ಆಡುತ್ತಿದ್ದರೆ ಪಿನ್ ಒಂದೇ ಅಲ್ಲ, ಹಿಂಜ್ ಕೂತಿರುವ ಕಂಬ, ಅಂದರೆ ಪಿಲ್ಲರೇ ಸೀಳಿದೆ ಅಂತ ನಾನು ಮೊದಲೇ ಹೇಳಿಬಿಡುತ್ತಿದ್ದೆ.

ಆದರೂ ನೋಡದೆ ಬಿಚ್ಚಬೇಡಿ. ಒಬ್ಬರನ್ನು ಜೊತೆಗೆ ಕರೆಯಿರಿ. ಬಾಗಿಲು ಅರ್ಧ ತೆರೆದು ಅವರು ತುದಿ ಹಿಡಿದು ಮೆಲ್ಲಗೆ ಎತ್ತಿ ಇಳಿಸಲಿ. ನೀವು ಟಾರ್ಚ್ ಹಾಕಿಕೊಂಡು ಮೇಲಿನ ಹಿಂಜ್ ಮೇಲೆ ಬೆರಳಿಡಿ. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಸಿಗುತ್ತದೆ. ಹಿಂಜ್‌ನ ಒಂದು ರೆಕ್ಕೆ ನಿಂತಿದ್ದು ಇನ್ನೊಂದು ರೆಕ್ಕೆ ಆಡಿದರೆ ಪಿನ್ ಇಲ್ಲವೇ ಅದು ತಿರುಗುವ ಲೋಹದ ಕೊಳವೆ, ಅಂದರೆ ಬುಷ್ ಸವೆದಿದೆ. ಇಡೀ ಹಿಂಜ್ ಪಿಲ್ಲರ್ ಮೇಲೆ ಆಡಿದರೆ ಸ್ಕ್ರೂ ಸಡಿಲವಾಗಿದೆ. ಹಿಂಜ್, ಸ್ಕ್ರೂ ಎಲ್ಲ ಬಿಗಿಯಾಗಿದ್ದು ಅವುಗಳ ಸುತ್ತಲಿನ ತಗಡೇ ಉಸಿರಾಡಿದ ಹಾಗೆ ಉಬ್ಬಿ ಇಳಿದರೆ ಪಿಲ್ಲರ್ ತಗಡು ಸೀಳಿದೆ ಅಥವಾ ತುಕ್ಕು ತಿಂದಿದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಮೂರರಲ್ಲಿ ಯಾವುದು ಅಂತ ತಿಳಿಯದೆ ಸುತ್ತಿಗೆ ಕೈಗೆ ತಗೊಳ್ಳಬಾರದು.

ಏನೂ ಆಡುತ್ತಿಲ್ಲ, ಆದರೂ ಬಾಗಿಲು ಕೆಳಗಿದೆ ಅನ್ನುವ ಸಂದರ್ಭವೂ ಒಂದಿದೆ. ಅಂಬಾಸಿಡರ್‌ಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಪಿಲ್ಲರ್, ಬಾಗಿಲ ಕೆಳಗಿನ ಸಿಲ್, ಫ್ಲೋರ್ ಸೇರಿಯೇ ಕಾರನ್ನು ನೇರವಾಗಿ ಹಿಡಿದಿರುತ್ತವೆ. ಸಿಲ್ ಒಳಗಿಂದ ಕೊಳೆತರೆ ಬಾಗಿಲ ಚೌಕಟ್ಟೇ ಸೊಟ್ಟಗಾಗುತ್ತದೆ. ಅದನ್ನು ಹಿಡಿಯುವುದು ಸುಲಭ. ಬಾಗಿಲು ಮುಚ್ಚಿ, ಮುಂದಿನ ಮತ್ತು ಹಿಂದಿನ ಬಾಗಿಲ ನಡುವಿನ ಸಂದು ನೋಡಿಕೊಳ್ಳಿ. ಆಮೇಲೆ ಪಕ್ಕದಿಂದ ಜಾಕ್ ಹಾಕಿ ಕಾರು ಎತ್ತಿ. ಸಂದು ಕಣ್ಣಿಗೆ ಕಾಣುವಷ್ಟು ಬದಲಾದರೆ ಹಿಂಜ್ ವಿಚಾರ ಬಿಟ್ಟು ಮೊದಲು ಸಿಲ್ ರಿಪೇರಿ ಮಾಡಿಸಬೇಕು. ನಿಮ್ಮ ಫೋಟೋದಲ್ಲಿ ಹಿಂದಿನ ಬಾಗಿಲು ನೆಟ್ಟಗೆ ಕೂತಿದೆ, ಸಿಲ್ ಗೆರೆಯೂ ನೇರವಾಗಿದೆ. ಹಾಗಾಗಿ ಆ ಭಯ ಕಡಿಮೆ. ಆದರೂ ಒಮ್ಮೆ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ನಿಮ್ಮ ಫೋಟೋದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಕಡೆ. ಮೇಲಿನ ಹಿಂಜ್‌ನ ಕೆಳಗೆ ಕೆಂಪು ಪುಡಿ ಬಿದ್ದಿದೆ. ನೀವು ಸಂಡೂರಿಗೆ ಹೋಗಿ ಬರುವವರು, ಅದು ಅದಿರಿನ ಧೂಳೂ ಇರಬಹುದು, ಪಿನ್ ಸವೆದು ಬಿದ್ದ ತುಕ್ಕೂ ಇರಬಹುದು. ಎರಡರ ಬಣ್ಣವೂ ಒಂದೇ. ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ಜಾಗ ಪೂರ್ತಿ ತೊಳೆಯಿರಿ, ಒಣಗಲಿ. ಪಿನ್ ತಲೆಗೆ ಎರಡು ಹನಿ ಎಂಜಿನ್ ಆಯಿಲ್ ಬಿಟ್ಟು, ಬಾಗಿಲನ್ನು ಇಪ್ಪತ್ತು ಸಲ ತೆರೆದು ಮುಚ್ಚಿ. ಕೆಳಗೆ ಇಳಿಯುವ ಎಣ್ಣೆ ಕಪ್ಪಗಿದ್ದರೆ ಒಳಗೆ ಲೋಹ ಲೋಹವನ್ನು ತಿನ್ನುತ್ತಿದೆ. ಕೆಂಪಗಿದ್ದರೆ ಧೂಳು ಇನ್ನೂ ಒಳಗೇ ಇದೆ, ಮತ್ತೆ ತೊಳೆಯಿರಿ.

ಈ ಧೂಳಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಸೀಮೆಯ ಗಾಡಿಗಳು ಬೇರೆ ಕಡೆಯ ಗಾಡಿಗಳಿಗಿಂತ ಬೇಗ ಸವೆಯುವುದು ಇದರಿಂದಲೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಸಂಡೂರಿನ ಅದಿರು ಅಂದರೆ ಹೆಮಟೈಟ್, ಕಬ್ಬಿಣದ ಆಕ್ಸೈಡ್. ಅಕ್ಕಸಾಲಿಗರು ಬಂಗಾರಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಅದೇ ಆಕ್ಸೈಡ್. ಅದು ಸಾದಾ ಉಕ್ಕಿಗಿಂತ, ಹಿತ್ತಾಳೆಗಿಂತ ಗಡಸು. ಹಿಂಜ್‌ಗೆ ದಪ್ಪ ಗ್ರೀಸ್ ಮೆತ್ತಿ ಬಿಟ್ಟರೆ ಈ ಧೂಳು ಅದಕ್ಕೆ ಅಂಟಿಕೊಂಡು ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. ಬಾಗಿಲು ತೆರೆದಷ್ಟೂ ಸಲ ಪಿನ್‌ಗೆ ಸಾಣೆ. ಬಂಡಿ ಕಾಲದಲ್ಲಿ ಕೀಲೆಣ್ಣೆ ಹಾಕುವ ಮುಂಚೆ ಹಳೆ ಮಡ್ಡಿಯನ್ನು ಒರೆಸಿ ತೆಗೆಯುತ್ತಿದ್ದರು. ಈಗ ಹಳೆಯದರ ಮೇಲೆಯೇ ಹೊಸ ಗ್ರೀಸ್ ಬಳಿಯುತ್ತಾರೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅದು ಕರಗಿ ಇಳಿದುಹೋಗುತ್ತದೆ, ಉಳಿಯುವುದು ಪುಡಿ ಮಾತ್ರ.

ಫೋಟೋದ ಎರಡನೇ ವಿಷಯ, ಮೇಲಿನ ಹಿಂಜ್‌ನ ಕೆಳಗಿನ ಸ್ಕ್ರೂ ಪಕ್ಕ ಪೇಂಟ್‌ನಲ್ಲಿ ಕೂದಲಿನಷ್ಟು ಸಣ್ಣ ಗೆರೆ. ಬರೀ ಪೇಂಟ್ ಒಡೆದಿದೆಯೋ, ತಗಡೇ ಸೀಳಿದೆಯೋ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಎಮರಿ ಕಾಗದದಿಂದ ಅಷ್ಟು ಜಾಗದ ಪೇಂಟ್ ತೆಗೆಯಿರಿ. ಗೆರೆ ಹೋದರೆ ಒಳ್ಳೆಯದು. ತಗಡಿನಲ್ಲೂ ಗೆರೆ ಉಳಿದರೆ ಅದರ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಸಬೇಕು, ಇಲ್ಲದಿದ್ದರೆ ಸೀಳು ಮುಂದಕ್ಕೆ ಓಡುತ್ತದೆ. ಆಮೇಲೆ ಸಿಒ2 ವೆಲ್ಡಿಂಗ್ ಮಾಡಿಸಿ. ಕಿಟಕಿ ಗ್ರಿಲ್ ಬೆಸೆಯುವ ಆರ್ಕ್ ವೆಲ್ಡಿಂಗ್ ಬೇಡ, ತೆಳು ತಗಡನ್ನು ಅದು ಸುಟ್ಟು ತೂತು ಮಾಡುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿ. ಸೀಳಿನ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆಯುವವರಿದ್ದಾರೆ, ಅವರ ಹತ್ತಿರ ಹೋಗಬೇಡಿ. ಪುಟ್ಟಿಗೆ ಭಾರ ಹೊರುವ ಶಕ್ತಿ ಇಲ್ಲ.

ಈಗ ಆ ಮೂರು ಸಲಹೆಗಳ ಮಾತು.

ಲಾಕ್ ಕೆಳಗೆ ಇಳಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು. ಎದುರಿನ ಪಿಲ್ಲರ್ ಮೇಲೆ ಲಾಕ್ ಹೋಗಿ ಕಚ್ಚುವ ಕಬ್ಬಿಣ, ಅಂದರೆ ಸ್ಟ್ರೈಕರ್ ಇಳಿಸಿದರೆ ಬಾಗಿಲು ಮುಚ್ಚುತ್ತದೆ ನಿಜ. ಆದರೆ ಜೋತುಬಿದ್ದ ಜಾಗದಲ್ಲೇ ಮುಚ್ಚುತ್ತದೆ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಮೇಲ್ಗಡೆ ಕೂರುವುದಿಲ್ಲ, ಮಳೆ ನೀರು, ಧೂಳು ಒಳಗೆ. ಹಿಂಜ್ ಸವೆಯುತ್ತಲೇ ಹೋಗುತ್ತದೆ, ಮುಂದಿನ ವರ್ಷ ಸ್ಟ್ರೈಕರ್ ಇಳಿಸಲು ಜಾಗವೇ ಇರುವುದಿಲ್ಲ. ಆಗ ಅದನ್ನು ಗ್ರೈಂಡರ್ ಹಿಡಿದು ಉಜ್ಜುತ್ತಾರೆ. ಹಾಗೆ ಉಜ್ಜಿದ ಒಂದು ಕಾರು ನನ್ನ ಹತ್ತಿರ ಬಂದಿತ್ತು. ಬೇರೆಲ್ಲೋ ಮಾಡಿಸಿದ ಕೆಲಸ. ಹೊಸಪೇಟೆ ರಸ್ತೆಯ ತಿರುವಿನಲ್ಲಿ ಬಾಗಿಲು ತಾನೇ ತೆರೆದುಕೊಂಡಿತ್ತು. ಆ ಸೀಟಿನಲ್ಲಿ ಒಂಬತ್ತು ವರ್ಷದ ಮಗು ಕೂತಿತ್ತು. ಮಗುವಿನ ತಾಯಿ ಹಿಂದಿನ ಸೀಟಿನಿಂದ ಅಂಗಿ ಹಿಡಿದೆಳೆದು ಉಳಿಸಿಕೊಂಡರು. ಅವತ್ತಿನಿಂದ ನಾನು ಯಾರ ಕಾರಿನ ಸ್ಟ್ರೈಕರನ್ನೂ ಉಜ್ಜಿಲ್ಲ, ಗಿರಾಕಿ ಜಗಳ ಮಾಡಿದರೂ ಉಜ್ಜಿಲ್ಲ. ಬಾಗಿಲು ಮುಚ್ಚಿಡುವುದು ಆ ಅರ್ಧ ಇಂಚು ಕಬ್ಬಿಣವೇ.

ವಾಷರ್ ಹಾಕುವುದು ಅರ್ಧ ಸರಿ. ಎಲ್ಲಿ ಹಾಕುತ್ತಾರೆ ಅನ್ನುವುದು ಮುಖ್ಯ. ಪಿನ್‌ಗೆ ವಾಷರ್ ತೊಡಿಸಿದರೆ ಬಾಗಿಲು ಇದ್ದ ಹಾಗೆಯೇ ಇಡಿಯಾಗಿ ಮೇಲೇಳುತ್ತದೆ. ಬಾಗಿಲು ಹಿಂದೆ ಮುಂದೆ ಒಂದೇ ಸಮ ಇಳಿದಿದ್ದರೆ ಅದು ಸರಿ. ನಿಮ್ಮದು ತುದಿ ಮಾತ್ರ ಇಳಿದಿದೆ, ಅದಕ್ಕೆ ಪಿನ್ ವಾಷರ್‌ನಿಂದ ಏನೂ ಆಗದು. ಹಿಂಜ್ ಮತ್ತು ಪಿಲ್ಲರ್ ನಡುವೆ ತಗಡಿನ ಪ್ಯಾಕಿಂಗ್ ಇಡುವುದು ಬೇರೆ ವಿಷಯ. ಅದನ್ನು ಕೆಳಗಿನ ಹಿಂಜ್‌ಗೆ ಇಡಬೇಕು. ಕೆಳಭಾಗ ಹಿಂದಕ್ಕೆ ತಳ್ಳಿದರೆ ತುದಿ ಮೇಲೇಳುತ್ತದೆ. 1 ಮಿ.ಮೀ. ಪ್ಯಾಕಿಂಗ್‌ಗೆ ತುದಿ ಸುಮಾರು 3 ಮಿ.ಮೀ. ಏಳುತ್ತದೆ. ಮೇಲಿನ ಹಿಂಜ್ ಸವೆದಿದೆಯಲ್ಲ, ಅದಕ್ಕೇ ಹಾಕೋಣ ಅಂತ ಅಲ್ಲಿಟ್ಟರೆ ತುದಿ ಇನ್ನೂ ಇಳಿಯುತ್ತದೆ. ಈ ತಪ್ಪನ್ನು ಅನುಭವಸ್ಥರೂ ಮಾಡಿದ್ದು ಕಂಡಿದ್ದೇನೆ. ಏನೇ ಆದರೂ ಪ್ಯಾಕಿಂಗ್ ಬರೀ ಕೊನೆಯ ಹೊಂದಾಣಿಕೆಗೆ. ಸವೆದ ಪಿನ್ ಹಾಗೆಯೇ ಬಿಟ್ಟು ಪ್ಯಾಕಿಂಗ್ ಇಟ್ಟರೆ ಬಾಗಿಲು ಗಡಗಡ ಅನ್ನುವುದು ನಿಲ್ಲುವುದಿಲ್ಲ.

ವೆಲ್ಡ್ ಮಾಡುವುದು ಬೇಡ. ಪಿನ್ ಸುತ್ತ ಬೆಸೆದು ಸಂದು ಮುಚ್ಚಿದರೆ ಶಾಖಕ್ಕೆ ಹಿಂಜ್ ತಿರುಚಿಕೊಳ್ಳುತ್ತದೆ, ಎರಕದ್ದಾದರೆ ಬಿರುಕು ಬಿಡುತ್ತದೆ. ಮುಂದೆ ಯಾರೂ ಸರಿ ಮಾಡದ ಹಾಗೆ ಆಗುತ್ತದೆ.

ನಾಲ್ಕನೆಯದೊಂದು ದಾರಿಯನ್ನು ನಿಮಗೆ ಯಾರಾದರೂ ಹೇಳುತ್ತಾರೆ. ಹಿಂಜ್ ಸಂದಿನಲ್ಲಿ ಮರದ ತುಂಡು ಇಟ್ಟು ಬಾಗಿಲು ಒತ್ತುವುದು, ಅಥವಾ ತುದಿಗೆ ಜಾಕ್ ಕೊಟ್ಟು ಎತ್ತುವುದು. ಹಿಂಜ್ ಬಾಗುತ್ತದೆ, ಬಾಗಿಲು ಮೇಲೇಳುತ್ತದೆ. ಪಿನ್, ಬುಷ್ ಹೊಸದಾಗಿ, ಪ್ಲೇ ಪೂರ್ತಿ ಹೋದ ಮೇಲೆ ಇನ್ನೂ 1 ಮಿ.ಮೀ. ಉಳಿದಿದ್ದರೆ ಕೈಪಳಗಿದ ಟಿಂಕರ್ ಹೀಗೆ ಮಾಡಬಹುದು. ಪ್ಲೇ ಇರುವಾಗ ಮಾಡಿದರೆ ಒತ್ತಡವೆಲ್ಲ ಪಿಲ್ಲರ್ ತಗಡಿಗೆ ಹೋಗುತ್ತದೆ. ಕೆಲಸ ಕಲಿಯುವ ಕಾಲದಲ್ಲಿ ನಾನೇ ಹೀಗೆ ಒಂದು ಫಿಯೆಟ್‌ನ ಪಿಲ್ಲರ್ ಸೀಳಿದ್ದೆ. ಆ ಸೀಳಿನ ಶಬ್ದ ಇನ್ನೂ ಕಿವಿಯಲ್ಲಿದೆ.

ಹಾಗಾದರೆ ಮಾಡಬೇಕಾದದ್ದು ಹಿಂಜ್ ಬಿಚ್ಚಿ, ತೂತು ದುಂಡಗೆ ಮಾಡಿಸಿ, ಹೊಸ ಬುಷ್ ಮತ್ತು ಹೊಸ ಪಿನ್ ಹಾಕಿಸುವುದು. ಹೊಸ ಹಿಂಜ್ ಸಿಗಬಹುದಲ್ಲ ಅಂತ ಕೇಳಬಹುದು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ ನೋಡಿ, ಸಿಕ್ಕರೆ ತಗೊಳ್ಳಿ. ಗುಜರಿಯ ಹಿಂಜ್ ಮಾತ್ರ ಬೇಡ. ಅದೂ ನಿಮ್ಮದರಷ್ಟೇ ಸವೆದಿರುತ್ತದೆ. ನಿಮ್ಮ ಹಿಂಜ್‌ಗೇ ಬುಷ್ ಹಾಕಿಸುವುದು ಮೇಲು, ಕೊಪ್ಪಳದಲ್ಲೇ ಲೇತ್ ಅಂಗಡಿಯಲ್ಲಿ ಆಗುವ ಕೆಲಸ.

ಬಿಚ್ಚುವ ಕ್ರಮ ಹೀಗೆ. ಹಿಂದಿನ ದಿನ ರಾತ್ರಿಯೇ ಪಿನ್‌ಗೆ, ಸ್ಕ್ರೂಗಳಿಗೆ ಡೀಸೆಲ್ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹಾಕಿಡಿ. ಬೆಳಿಗ್ಗೆ ಬಾಗಿಲು ತೆರೆದು, ಅದರ ತಳಕ್ಕೆ ಜಾಕ್, ಜಾಕ್ ಮೇಲೆ ಮರದ ತುಂಡು, ಅದರ ಮೇಲೆ ಗೋಣಿಚೀಲ ಮಡಚಿ ಇಟ್ಟು ಭಾರ ಹೊರಿಸಿ. ಬಾಗಿಲಲ್ಲಿ ಸ್ಪೀಕರ್ ವೈರ್ ಇದ್ದರೆ ಬಿಚ್ಚಿ. ಬಾಗಿಲು ಜಾಸ್ತಿ ತೆರೆಯದಂತೆ ತಡೆಯುವ ಪಟ್ಟಿಯ ಪಿನ್ ತೆಗೆಯಿರಿ. ಹಿಂಜ್ ಸುತ್ತ ಮೊನೆಯಿಂದ ಗೆರೆ ಎಳೆದುಕೊಳ್ಳಿ. ಇದನ್ನು ಮರೆತರೆ ಮತ್ತೆ ಕೂರಿಸುವಾಗ ಇಡೀ ದಿನ ಹೋಗುತ್ತದೆ.

ಸ್ಕ್ರೂ ತಲೆ ಕೆಡಿಸಬೇಡಿ. ಸಾದಾ ಸ್ಕ್ರೂಡ್ರೈವರ್ ಜಾರಿದರೆ ನಿಲ್ಲಿಸಿ, ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ತನ್ನಿ. ಇನ್ನೊಂದು ಎಚ್ಚರ: ಪಿಲ್ಲರ್ ಒಳಗೆ ಸ್ಕ್ರೂಗಳನ್ನು ಹಿಡಿಯುವ ಪ್ಲೇಟ್ ಇರುತ್ತದೆ. ಹಳೆ ಕಾರುಗಳಲ್ಲಿ ಎಷ್ಟೋ ಸಲ ಅದು ಸಡಿಲವಾಗಿ ತೇಲುತ್ತಿರುತ್ತದೆ. ಹಿಂಜ್ ತೆಗೆದ ಕೂಡಲೇ ಒಂದು ಸ್ಕ್ರೂ ಮರಳಿ ಹಾಕಿ ಅದನ್ನು ಹಿಡಿದಿಟ್ಟುಕೊಳ್ಳಿ. ಒಳಗೆ ಬಿತ್ತೋ, ಪಿಲ್ಲರ್ ಕೊಯ್ದು ತೆಗೆಯಬೇಕಾಗುತ್ತದೆ.

ಲೇತ್ ಅಂಗಡಿಗೆ ಎರಡೂ ಹಿಂಜ್ ಒಯ್ಯಿರಿ. ಕೆಳಗಿನದು ಚೆನ್ನಾಗಿ ಕಂಡರೂ ಬಿಟ್ಟು ಹೋಗಬೇಡಿ. ತೂತು ಮೊಟ್ಟೆಯಾಕಾರ ಆಗಿರುತ್ತದೆ, ತೂತನ್ನು ಅಳತೆಗೆ ಸರಿಯಾಗಿ ಕೆರೆಯುವ ರೀಮರ್ ಹಾಕಿ ದುಂಡಗೆ ಮಾಡಬೇಕು. ಡ್ರಿಲ್ ಬಿಟ್ ಹಾಕಿ ದೊಡ್ಡದು ಮಾಡುತ್ತೇನೆ ಅಂದರೆ ಒಪ್ಪಬೇಡಿ, ಅದು ಮೊಟ್ಟೆಯ ದಾರಿಯನ್ನೇ ಹಿಡಿದು ಹೋಗುತ್ತದೆ. ಬುಷ್ ಗನ್‌ಮೆಟಲ್‌ದು ಇರಲಿ, ಒತ್ತಿ ಕೂರಿಸಲಿ. ಒತ್ತಿದಾಗ ಬುಷ್‌ನ ತೂತು ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಕೂರಿಸಿದ ಮೇಲೆ ಮತ್ತೆ ರೀಮರ್ ಆಡಿಸಬೇಕು. ತೂತು ದೊಡ್ಡದಾದ ಮೇಲೂ ಹಿಂಜ್‌ನ ಗೋಡೆ 2 ಮಿ.ಮೀ.ಯಾದರೂ ಉಳಿಯಬೇಕು. ಅಷ್ಟು ಉಳಿಯದಿದ್ದರೆ ಬುಷ್ ಬೇಡ, ಹಳೆಯದಕ್ಕಿಂತ ಅರ್ಧ ಮಿ.ಮೀ. ಹೆಚ್ಚು ದಪ್ಪದ ಪಿನ್ ಹಾಕಿಸಿ ಸಾಕು.

ಪಿನ್‌ಗೆ ಇಎನ್-8 ಉಕ್ಕಿನ ಸರಳು ತಿರುಗಿಸಿಕೊಡಲು ಹೇಳಿ. ಬೋಲ್ಟ್ ಕತ್ತರಿಸಿ ಹಾಕುವುದು ಬೇಡ. ಬೋಲ್ಟ್‌ನ ಮರೆ (ಥ್ರೆಡ್) ಬುಷ್‌ಗೆ ಗರಗಸವಿದ್ದ ಹಾಗೆ. ಪಿನ್ ಒಂದು ರೆಕ್ಕೆಯಲ್ಲಿ ಬಿಗಿ, ಇನ್ನೊಂದರಲ್ಲಿ ಬುಷ್ ಒಳಗೆ ಸಲೀಸಾಗಿ ತಿರುಗಬೇಕು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಶಬ್ದ ಬರಬಾರದು, ಎಣ್ಣೆ ಹಚ್ಚಿದರೆ ಬೆರಳಿಗೆ ನುಣುಪಾಗಿ ತಿರುಗಬೇಕು. ಮೇಲಿನಿಂದ ಎಣ್ಣೆ ಬಿಡಲು ಬುಷ್‌ವರೆಗೆ 2 ಮಿ.ಮೀ. ತೂತು ಒಂದು ಹಾಕಿಸಿ. ಪಿನ್ ತಲೆ ಮೇಲಿರುವಂತೆ ಕೂರಿಸಿ. ಬಂಡಿಯ ಕಡಗೀಲಿನ ಹಾಗೆ, ಸಡಿಲಾದರೂ ಅದು ಉದುರಬಾರದು.

ಬಾಗಿಲು ಹಗುರವಾಗಿ ಕೈಗೆ ಸಿಕ್ಕಾಗ ಅದರ ತಳ ನೋಡಿ. ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ನಮ್ಮ ಕಡೆ ಅವು ಮಣ್ಣಿನಿಂದ ಮುಚ್ಚಿಹೋಗಿರುತ್ತವೆ. ಒಳಗೆ ಕೆಸರು ಕೂತು ಬಾಗಿಲ ಭಾರ ಹೆಚ್ಚುತ್ತದೆ, ತಳ ಕೊಳೆಯುತ್ತದೆ. ತಂತಿ ಆಡಿಸಿ, ನೀರು ಬಿಟ್ಟು, ತಿಳಿ ನೀರು ಬರುವ ತನಕ ತೊಳೆಯಿರಿ.

ಮತ್ತೆ ಕೂರಿಸುವಾಗ ಸ್ಟ್ರೈಕರ್ ಪೂರ್ತಿ ತೆಗೆದಿಡಿ. ಇದು ಮುಖ್ಯ. ಸ್ಟ್ರೈಕರ್ ಇದ್ದರೆ ಅದು ಬಾಗಿಲನ್ನು ಎತ್ತಿ ಹಿಡಿದು, ಸರಿಯಾಗಿದೆ ಅಂತ ಸುಳ್ಳು ತೋರಿಸುತ್ತದೆ. ಸ್ಕ್ರೂ ಅರ್ಧ ಬಿಗಿದು, ಬಾಗಿಲು ಮೆಲ್ಲಗೆ ಮುಚ್ಚಿ, ಹಿಂದಿನ ಬಾಗಿಲನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಎರಡು ಬೆಂಕಿಕಡ್ಡಿ ಜೋಡಿಸಿದರೆ ಸುಮಾರು 4 ಮಿ.ಮೀ. ಆ ಜೋಡಿ ಮೇಲಿಂದ ಕೆಳಗಿನ ತನಕ ಸಂದಿನಲ್ಲಿ ಒಂದೇ ಸಮ ಓಡಬೇಕು. ಹಿಂದಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ತುದಿ ಇನ್ನೂ ಇಳಿದಿದೆ. ಆಗ ಕೆಳಗಿನ ಹಿಂಜ್‌ಗೆ ತೆಳು ಪ್ಯಾಕಿಂಗ್. 20 ಗೇಜ್ ತಗಡು ಸುಮಾರು 0.9 ಮಿ.ಮೀ. ಬರುತ್ತದೆ, ಸಾಮಾನ್ಯವಾಗಿ ಒಂದು ತುಂಡು ಸಾಕು. ಸಂದು ಸಮ ಬಂದ ಮೇಲೆ ಸ್ಕ್ರೂ ಪೂರ್ತಿ ಬಿಗಿದು, ಕಾರು ಸಮನೆಲದಲ್ಲಿದ್ದಾಗ ಬಾಗಿಲನ್ನು ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆಯೇ ನೋಡಿ. ತಾನೇ ಹಿಂದಕ್ಕೆ ಚಿಮ್ಮಿದರೆ ಎರಡು ಪಿನ್‌ಗಳು ಒಂದೇ ಗೆರೆಯಲ್ಲಿಲ್ಲ. ಹಾಗೆಯೇ ಬಿಟ್ಟರೆ ಹೊಸ ಬುಷ್ ಬೇಗ ಹಾಳಾಗುತ್ತದೆ, ಮತ್ತೆ ಸಡಿಲಿಸಿ ಕೂರಿಸಿ. ಎಲ್ಲ ಆದ ಮೇಲೆ ಸ್ಟ್ರೈಕರ್ ಹಾಕಿ, ಲಾಕ್ ಬಂದು ನಿಲ್ಲುವ ಎತ್ತರಕ್ಕೆ ಅದನ್ನು ಹೊಂದಿಸಿ.

ಬೀಡಿಂಗ್ ಕೂತಿದೆಯೇ ನೋಡಲು ಪೇಪರ್ ಪಟ್ಟಿ ಒಂದನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿ ಇರಬೇಕು. ಒಂದು ಸಲ ಸಂಡೂರಿಗೆ ಹೋಗಿ ಬಂದು ಬಾಗಿಲು ತೆರೆದು ನೋಡಿದರೂ ಸಾಕು. ಚೌಕಟ್ಟಿನ ಮೇಲೆ ಕೆಂಪು ಧೂಳಿನ ಗೆರೆ ಎಲ್ಲಿ ಒಳಕ್ಕೆ ನುಗ್ಗಿದೆಯೋ ಅಲ್ಲಿ ರಬ್ಬರ್ ಮುಟ್ಟುತ್ತಿಲ್ಲ.

ಬಾಗಿಲು ತಡೆಯುವ ಪಟ್ಟಿ ಸವೆದಿದ್ದರೆ ಈಗಲೇ ಬದಲಿಸಿ. ಆಷಾಢದ ಗಾಳಿಗೆ ಬಾಗಿಲು ಕೈ ತಪ್ಪಿ ಬೀಸಿ ಹೊಡೆದರೆ, ಮುಂದಿನ ಅಂಚು ಫೆಂಡರ್‌ಗೆ ತಾಗಿ ಹಾರೆ ಹಾಕಿ ಮೀಟಿದ ಹಾಗೆ ಹಿಂಜ್ ಬಾಗುತ್ತದೆ. ಹೊಸ ಬುಷ್‌ನ ಕೆಲಸ ಒಂದೇ ದಿನದಲ್ಲಿ ಹೋಗುತ್ತದೆ.

ಮುಂದೆ ತಿಂಗಳಿಗೊಮ್ಮೆ ಬ್ರಷ್‌ನಿಂದ ಹಿಂಜ್ ಒರೆಸಿ, ಎರಡು ಹನಿ ಎಂಜಿನ್ ಆಯಿಲ್ ಬಿಟ್ಟು, ಹೊರಗೆ ಇಳಿದದ್ದನ್ನು ಬಟ್ಟೆಯಿಂದ ತೆಗೆಯಿರಿ. ಗ್ರೀಸ್ ಬೇಡ. ಆಯುಧ ಪೂಜೆಗೆ ಎಲ್ಲರೂ ಗಾಡಿಯನ್ನು ಪ್ರೆಶರ್ ಪಂಪ್‌ನಲ್ಲಿ ತೊಳೆಸುತ್ತಾರಲ್ವಾ, ಆ ನೀರು ಧೂಳನ್ನು ಪಿನ್ ಒಳಗೆ ನುಗ್ಗಿಸುತ್ತದೆ. ಅವತ್ತು ಕುಂಕುಮ ಹಚ್ಚುವ ಮುಂಚೆ ನಾಲ್ಕೂ ಬಾಗಿಲಿಗೆ ಎಣ್ಣೆ ಬಿಡಿ.

ಇನ್ನು ಅವ್ವನ ವಿಷಯ. ಮುಂದಿನ ಪಿಲ್ಲರ್‌ನ ಒಳಗಡೆ ಅಥವಾ ಬಾಗಿಲ ಮೇಲಿನ ಛಾವಣಿ ಅಂಚಿಗೆ ಗಟ್ಟಿ ಹಿಡಿಕೆಯೊಂದನ್ನು ಹಾಕಿಸಿ. ಬರೀ ತಗಡಿಗೆ ಸ್ಕ್ರೂ ಹೊಡೆದರೆ ಕಿತ್ತು ಬರುತ್ತದೆ, ಒಳಗೆ 3 ಮಿ.ಮೀ. ಪಟ್ಟಿ ಇಟ್ಟು ಬೋಲ್ಟ್ ಹಾಕಿಸಿ. ಪಿಲ್ಲರ್ ಸೀಳು ನೋಡುವುದಕ್ಕೆ ಟಿಂಕರ್ ಹತ್ತಿರ ಹೋದಾಗಲೇ ಇದನ್ನೂ ಮಾಡಿಸಿಬಿಡಿ. ಎತ್ತರ ಎಷ್ಟಿರಬೇಕು ಅಂತ ನೀವು ಅಂದಾಜು ಮಾಡಬೇಡಿ. ಅವ್ವನನ್ನೇ ಸೀಟಿನಲ್ಲಿ ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ನೋಡಿ, ಅಲ್ಲಿ ಚಾಕ್‌ಪೀಸ್‌ನಿಂದ ಗುರುತು ಹಾಕಿಕೊಂಡು ಹೋಗಿ.